ಗಮನ ಸೆಳೆಯಲೆಂದೇ ಹಾಕಿದ ಮುತ್ತಿಗೆಗೆ ಶತ್ರು ಏಕೆ ಓಗೊಡಬೇಕು?

ಓದುಗರ ಪ್ರಶ್ನೆ: ನಾನು ಮಧ್ಯಯುಗವನ್ನು ಹೋಲುವ ಒಂದು ಕಲ್ಪಿತ ಲೋಕದ ಯುದ್ಧವನ್ನು ಕುರಿತು ಕಾದಂಬರಿ ಬರೆಯುತ್ತಿದ್ದೇನೆ. ಪಶ್ಚಿಮದ ರಾಣಿಯ ಬಳಿ 12,000 ಸೈನಿಕರಿದ್ದಾರೆ. ಎದುರಾಳಿ ರಾಜನ 14,000 ಮಂದಿಯ ದಂಡು ಅವನ ರಾಜಧಾನಿಯಲ್ಲೇ ಬೀಡುಬಿಟ್ಟಿದೆ. ರಾಣಿಗೆ ಬೇಕಾಗಿರುವುದು ರಾಜಧಾನಿಯಿಂದ ದಕ್ಷಿಣಕ್ಕೆ 60 ಕಿ.ಮೀ. ದೂರದಲ್ಲಿರುವ ಬಂದರು ನಗರ. ರಾಜನನ್ನು ಅಲ್ಲಿಂದ ಕದಲಿಸಲು ಆಕೆ ತನ್ನ ದಂಡನಾಯಕನಿಗೆ 3,000 ಮಂದಿಯನ್ನು ಕೊಟ್ಟು, ರಾಜಧಾನಿಯಿಂದ ಉತ್ತರಕ್ಕೆ 120 ಕಿ.ಮೀ. ದೂರದ ಬೆಟ್ಟದ ಕೋಟೆಗೆ ಮುತ್ತಿಗೆ ಹಾಕಿಸುತ್ತಾಳೆ. ಕೋಟೆಯಲ್ಲಿ 400 ಮಂದಿ ಕಾವಲಿದ್ದಾರೆ. ದಂಡನಾಯಕನು ಮಾಂತ್ರಿಕನೊಬ್ಬನ ಮಂಜಿನ ಮರೆಯಲ್ಲಿ ಸುಳ್ಳು ಬೆಂಕಿಗಳನ್ನು ಹೊತ್ತಿಸಿ ತನ್ನ ದಂಡು ಹತ್ತು ಸಾವಿರದ್ದೆಂದು ನಂಬಿಸುತ್ತಾನೆ, ಕೋಟೆಯನ್ನು ಸುತ್ತಲೂ ಬಿಗಿಯಾಗಿ ಮುಚ್ಚುತ್ತಾನೆ, ಸಂದೇಶ ಒಯ್ಯುವ ಹಕ್ಕಿಗಳನ್ನು ಬಿಲ್ಲುಗಾರರಿಂದ ಹೊಡೆದುರುಳಿಸುತ್ತಾನೆ. ರಾಜ ಮೋಸಹೋಗಿ ಇಡೀ ದಂಡಿನೊಂದಿಗೆ ಉತ್ತರಕ್ಕೆ ಹೊರಡುತ್ತಾನೆ. ಹಸ್ತಪ್ರತಿಯನ್ನು ಓದಿದ ಗೆಳೆಯರು, ಯಾವ ರಾಜನೂ ಇಷ್ಟು ಸುಲಭವಾಗಿ ಮೋಸಹೋಗಲಾರ ಎನ್ನುತ್ತಿದ್ದಾರೆ. ಇಂಥ ಮುತ್ತಿಗೆ ಚರಿತ್ರೆಯಲ್ಲಿ ನಡೆದದ್ದುಂಟೆ? ಎಷ್ಟು ದಿನ ನಡೆಯಬೇಕು? ಸೈನಿಕರಿಗೆ ನಿಜ ಗೊತ್ತಿರಬೇಕೆ? ಕೊನೆಗೆ ಆ ಮೂರು ಸಾವಿರ ಮಂದಿ ಜೀವಸಹಿತ ಪಾರಾಗುವುದು ಹೇಗೆ?

ಉತ್ತರ: ನಿಮ್ಮ ಆತಂಕ ಮೇಲ್ನೋಟಕ್ಕೆ ರಾಜನ ಬುದ್ಧಿವಂತಿಕೆಯನ್ನು ಕುರಿತದ್ದಾಗಿ ಕಾಣುತ್ತದೆ. ಆದರೆ ತೊಡಕಿರುವುದು ಅಲ್ಲಲ್ಲ. ಗಮನ ಸೆಳೆಯುವ ಮುತ್ತಿಗೆ ಎಂದರೆ ಮೋಸ, ಶತ್ರು ನಂಬಿದರೆ ಅದು ಗೆದ್ದಂತೆ, ನಂಬದಿದ್ದರೆ ಸೋತಂತೆ ಎಂಬ ಗ್ರಹಿಕೆಯ ಮೇಲೆ ನಿಮ್ಮ ಕಥೆ ನಿಂತಿದೆ. ಮುತ್ತಿಗೆಗಳ ಚರಿತ್ರೆಯನ್ನು ಬಹುಕಾಲ ಅಭ್ಯಾಸ ಮಾಡಿದವನಾಗಿ, ಲೇಖಕರ ಹಸ್ತಪ್ರತಿಗಳನ್ನು ಓದಿ ಸಲಹೆ ನೀಡುವವನಾಗಿ ನಾನು ಮೊದಲು ಸರಿಪಡಿಸಲು ಬಯಸುವುದು ಈ ಗ್ರಹಿಕೆಯನ್ನೇ. ಚರಿತ್ರೆಯಲ್ಲಿ ಫಲ ಕೊಟ್ಟ ಇಂಥ ಮುತ್ತಿಗೆಗಳಲ್ಲಿ ಶತ್ರುವಿಗೆ ಇದು ತನ್ನನ್ನು ಎಳೆಯಲು ಹೂಡಿದ ಆಟವೆಂಬುದು ಎಷ್ಟೋ ಸಲ ಗೊತ್ತಿತ್ತು. ಗೊತ್ತಿದ್ದೂ ಆತ ಬರಲೇಬೇಕಾಯಿತು.

ಇದಕ್ಕೆ 1187ರ ಜುಲೈಗಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ. ಜೆರುಸಲೇಮಿನ ಕ್ರೈಸ್ತ ರಾಜ ಗೀ ತನ್ನ ಸೈನ್ಯವನ್ನು ಸಫ್ಫೂರಿಯಾ ಎಂಬಲ್ಲಿ, ಒಳ್ಳೆಯ ನೀರಿನ ಸೆಲೆಗಳ ಪಕ್ಕದಲ್ಲಿ ನಿಲ್ಲಿಸಿದ್ದ. ಆ ಜಾಗದಲ್ಲಿ ಅವನನ್ನು ಸೋಲಿಸುವುದು ಕಷ್ಟವೆಂಬುದನ್ನು ಅರಿತಿದ್ದ ಈಜಿಪ್ಟ್, ಸಿರಿಯಾಗಳ ಸುಲ್ತಾನ ಸಲಾಹುದ್ದೀನನು ಜುಲೈ 2ರಂದು ತಿಬೇರಿಯಸ್ ಪಟ್ಟಣದ ಮೇಲೆ ಬಿದ್ದ. ಪಟ್ಟಣ ಬೇಗನೆ ವಶವಾಯಿತು. ಆ ಊರಿನ ಒಡೆಯನೂ ಗೀಯ ಸಾಮಂತನೂ ಆದ ಕೌಂಟ್ ರೇಮಂಡನ ಹೆಂಡತಿ ಎಶೀವಾ ಒಳಕೋಟೆ ಸೇರಿಕೊಂಡು ಸಹಾಯಕ್ಕೆ ಹೇಳಿಕಳುಹಿಸಿದಳು. ಆ ರಾತ್ರಿಯ ಸಮಾಲೋಚನೆಯಲ್ಲಿ, ಇದು ನಮ್ಮನ್ನು ನೀರಿನಿಂದ ದೂರ ಎಳೆಯುವ ಹೂಟ, ಹೋಗಬಾರದು ಎಂದು ವಾದಿಸಿದವನು ಬೇರಾರೂ ಅಲ್ಲ, ರೇಮಂಡನೇ. ಮುತ್ತಿಗೆಯಲ್ಲಿ ಸಿಕ್ಕಿದ್ದವಳು ಅವನ ಹೆಂಡತಿ, ಊರು ಅವನದು, ಆದರೂ ಹೋಗಬಾರದೆಂದ. ರಾಜನೂ ಮೊದಲು ಒಪ್ಪಿದ. ಆಮೇಲೆ ಟೆಂಪ್ಲರ್ ಯೋಧಪಂಥದ ಮುಖ್ಯಸ್ಥ ಗೆರಾರ್ಡನ ಒತ್ತಾಯಕ್ಕೆ ಮಣಿದು ಮರುದಿನ ಬೆಳಿಗ್ಗೆ ಹೊರಡಲು ಅಪ್ಪಣೆಯಿತ್ತ. ನೀರಿಲ್ಲದ ಬಯಲಿನಲ್ಲಿ ಒಂದು ದಿನ ನಡೆದ ಸೈನ್ಯ ಜುಲೈ 4ರಂದು ಹತ್ತೀನಿನ ಬಳಿ ನಾಶವಾಯಿತು, ರಾಜ ಸೆರೆಸಿಕ್ಕ. ಕೋಟೆಗಳ ಕಾವಲನ್ನು ಬರಿದು ಮಾಡಿ ಕಟ್ಟಿದ್ದ ದಂಡು ಅದಾಗಿದ್ದರಿಂದ ಆಮೇಲೆ ಊರಿನ ಮೇಲೆ ಊರು ಬಿದ್ದು, ಅಕ್ಟೋಬರ್ 2ರಂದು ಜೆರುಸಲೇಮೂ ಶರಣಾಯಿತು.

ಹೂಟವೆಂದು ಎದುರಿಗೇ ಹೇಳಿದ ಮೇಲೂ ಗೀ ಹೋದದ್ದೇಕೆ? ಕಾರಣ ತಿಬೇರಿಯಸಿನಲ್ಲಿ ಇರಲಿಲ್ಲ, ಅವನ ಹಿಂದಿನ ನಾಲ್ಕು ವರ್ಷಗಳಲ್ಲಿತ್ತು. 1183ರಲ್ಲಿ ಆತ ರಾಜಪ್ರತಿನಿಧಿಯಾಗಿದ್ದಾಗ ಇದೇ ಸಲಾಹುದ್ದೀನನ ಎದುರು ಸೈನ್ಯವನ್ನು ಹಿಡಿದು ನಿಲ್ಲಿಸಿ, ಯುದ್ಧಕ್ಕಿಳಿಯದೆ ಸುಮ್ಮನಿದ್ದ. ಯುದ್ಧನೀತಿಯ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಹೇಡಿತನದ ಆರೋಪ ಹೊತ್ತು ಆ ಅಧಿಕಾರವನ್ನೇ ಕಳೆದುಕೊಂಡ. ಎರಡನೆಯ ಸಲ ಸುಮ್ಮನಿರುವ ಧೈರ್ಯ ಅವನಿಗೆ ಉಳಿದಿರಲಿಲ್ಲ. ನಿಮ್ಮ ಕಾದಂಬರಿಯ ರಾಜನಿಗೂ ಇಂಥದೊಂದು ಹಿಂದಿನ ಕಥೆ ಬೇಕು. ಬೆಟ್ಟದ ಕೋಟೆಯಲ್ಲಿ ಏನಿದೆ, ಅದು ಕೈಬಿಟ್ಟರೆ ಅವನ ಸಾಮಂತರ ಮುಂದೆ ಅವನ ಗತಿಯೇನು ಎಂಬುದನ್ನು ನೀವು ಗಟ್ಟಿ ಮಾಡಿಕೊಂಡರೆ ಮಂಜು, ಸುಳ್ಳು ಬೆಂಕಿ ಎರಡೂ ಇಲ್ಲದೆ ಆತ ಹೊರಡುತ್ತಾನೆ. ಅಲ್ಲಿ ಅವನ ಉತ್ತರಾಧಿಕಾರಿ ಇರಬಹುದು, ಉತ್ತರದ ಸಾಮಂತರು ಒತ್ತೆಯಿಟ್ಟ ಮಕ್ಕಳಿರಬಹುದು, ಅಥವಾ ಇಡೀ ಪ್ರಾಂತ್ಯದ ಚಳಿಗಾಲದ ಧಾನ್ಯ ಇರಬಹುದು. ನನ್ನನ್ನು ಕೇಳಿದರೆ ಒತ್ತೆಯ ಮಕ್ಕಳನ್ನು ಆರಿಸುತ್ತೇನೆ. ಆಗ ರಾಜ ಬಾರದಿದ್ದರೆ ಒಂದು ಕೋಟೆಯ ಜೊತೆಗೆ ಆ ಸಾಮಂತರೆಲ್ಲರ ನಿಷ್ಠೆಯನ್ನೂ ಕಳೆದುಕೊಳ್ಳುತ್ತಾನೆ.

ಸೋತ ಉದಾಹರಣೆಯೂ ಅಷ್ಟೇ ಉಪಯುಕ್ತ. 1333ರಲ್ಲಿ ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ಸ್ಕಾಟರ ಕೈಯಲ್ಲಿದ್ದ ಬೆರಿಕ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದಾಗ, ಅವನನ್ನು ಅಲ್ಲಿಂದ ಎಬ್ಬಿಸಲು ಸ್ಕಾಟರ ನಾಯಕ ಆರ್ಚಿಬಾಲ್ಡ್ ಡಗ್ಲಸ್ ಗಡಿ ದಾಟಿ, ಎಡ್ವರ್ಡನ ರಾಣಿ ಫಿಲಿಪ್ಪಾ ತಂಗಿದ್ದ ಬ್ಯಾಂಬರೊ ಕೋಟೆಗೆ ಮುತ್ತಿಗೆ ಹಾಕಿದ. ಒತ್ತೆಯಾಗಿ ಇದಕ್ಕಿಂತ ದೊಡ್ಡದು ಇನ್ನೇನಿದೆ? ಎಡ್ವರ್ಡ್ ಕದಲಲಿಲ್ಲ. ಬ್ಯಾಂಬರೊ ಕಡಿದಾದ ಬಂಡೆಯ ಮೇಲಿನ ಬಲವಾದ ಕೋಟೆ. ಅದನ್ನು ಒಡೆಯುವಷ್ಟು ಸಮಯ ಡಗ್ಲಸನ ಬಳಿ ಇರಲಿಲ್ಲ, ಏಕೆಂದರೆ ಗೊತ್ತಾದ ದಿನದೊಳಗೆ ನೆರವು ಬಾರದಿದ್ದರೆ ಶರಣಾಗುತ್ತೇವೆಂದು ಬೆರಿಕಿನವರು ಒಪ್ಪಿಕೊಂಡು ಒತ್ತೆಯಾಳುಗಳನ್ನೂ ಕೊಟ್ಟಿದ್ದರು. ಗಡುವು ಓಡುತ್ತಿದ್ದದ್ದು ಸ್ಕಾಟರಿಗೆ, ಎಡ್ವರ್ಡನಿಗಲ್ಲ. ಕೊನೆಗೆ ಡಗ್ಲಸನೇ ಹಿಂದಿರುಗಿ, ಜುಲೈ 19ರಂದು ಹ್ಯಾಲಿಡನ್ ಹಿಲ್ ಎಂಬಲ್ಲಿ ಎಡ್ವರ್ಡ್ ಆರಿಸಿಕೊಂಡ ಗುಡ್ಡದ ಮೇಲೆ ಅವನನ್ನು ಎದುರಿಸಬೇಕಾಗಿ ಬಂದು ಪ್ರಾಣ ಬಿಟ್ಟ. ಎಂದರೆ, ಒತ್ತೆ ಎಷ್ಟೇ ಅಮೂಲ್ಯವಾಗಿದ್ದರೂ ಅದು ಬೇಗ ಕೈಬಿಡಬಹುದೆಂಬ ಭಯ ಹುಟ್ಟದಿದ್ದರೆ ಮುತ್ತಿಗೆಗೆ ಎಳೆಯುವ ಶಕ್ತಿ ಬರುವುದಿಲ್ಲ. ನಿಮ್ಮ ಬೆಟ್ಟದ ಕೋಟೆಯನ್ನು ಅಭೇದ್ಯವೆಂದು ಎಲ್ಲಾದರೂ ವರ್ಣಿಸಿದ್ದರೆ ದಯವಿಟ್ಟು ಆ ಮಾತನ್ನು ತೆಗೆಯಿರಿ. ಅದಕ್ಕೊಂದು ದೌರ್ಬಲ್ಯವಿರಲಿ, ಅದು ರಾಜನಿಗೂ ಗೊತ್ತಿರಲಿ: ಬೇಸಗೆಯಲ್ಲಿ ಬತ್ತುವ ಬಾವಿ, ಅಥವಾ ಹಿಂದಿನ ಮಳೆಗಾಲದಲ್ಲಿ ಕುಸಿದು ಇನ್ನೂ ದುರಸ್ತಿಯಾಗದ ಗೋಡೆ.

ಇನ್ನು ನಿಮ್ಮ ಗೆಳೆಯರು ಗುರುತಿಸದ, ಆದರೆ ನನಗೆ ಎಲ್ಲಕ್ಕಿಂತ ಗಂಭೀರವಾಗಿ ತೋರುವ ತೊಡಕಿಗೆ ಬರುತ್ತೇನೆ. ರಾಜ ಹೊರಟರೆ ಇಡೀ ದಂಡಿನೊಂದಿಗೆ ಹೊರಡುತ್ತಾನೆ, ಇಲ್ಲವೇ ಹೊರಡುವುದೇ ಇಲ್ಲ ಎಂದು ನೀವು ಭಾವಿಸಿದ್ದೀರಿ. ಮೂರು ಸಾವಿರ ಮಂದಿಯ ಮುತ್ತಿಗೆಯನ್ನು ತೆರವುಗೊಳಿಸಲು ಅನುಭವಸ್ಥ ರಾಜ ಆರು ಸಾವಿರ ಮಂದಿಯನ್ನು ತಮ್ಮನ ಕೈಗೊಪ್ಪಿಸಿ ಕಳುಹಿಸುತ್ತಾನೆ, ಉಳಿದ ಎಂಟು ಸಾವಿರದೊಂದಿಗೆ ತಾನು ರಾಜಧಾನಿಯಲ್ಲೇ ಕೂರುತ್ತಾನೆ. ಆಗ ಬಂದರಿನ ಎದುರು ನಿಂತ ರಾಣಿಯ ಒಂಬತ್ತು ಸಾವಿರ ಮಂದಿಯ ಬೆನ್ನಿಗೆ ಆ ಎಂಟು ಸಾವಿರ ನಾಲ್ಕೇ ದಿನದಲ್ಲಿ ಬಂದು ನಿಲ್ಲುತ್ತದೆ, ಯೋಜನೆ ಅಲ್ಲಿಗೆ ಮುಗಿಯುತ್ತದೆ. ದಂಡು ಎಷ್ಟು ದೊಡ್ಡದೆಂದು ಕಾಣಬೇಕೆಂಬ ಪ್ರಶ್ನೆಗೆ ಬೆಲೆ ಬರುವುದು ಇಲ್ಲಿಯೇ. ರಾಜ ಬರುತ್ತಾನೋ ಇಲ್ಲವೋ ಎಂಬುದನ್ನು ಸಂಖ್ಯೆ ತೀರ್ಮಾನಿಸುವುದಿಲ್ಲ, ಎಷ್ಟು ಮಂದಿಯನ್ನು ಕರೆತರುತ್ತಾನೆ ಎಂಬುದನ್ನು ತೀರ್ಮಾನಿಸುತ್ತದೆ. ಸಂಖ್ಯೆಯನ್ನು ಉಬ್ಬಿಸುವ ಕೆಲಸವನ್ನು ಮುತ್ತಿಗೆಗೆ ಸಿಕ್ಕಿದವರೇ ಮಾಡಿಕೊಡುತ್ತಾರೆ. ನೆರವು ಬೇಡುವ ಕಿಲ್ಲೇದಾರ ಶತ್ರುವಿನ ಬಲವನ್ನು ಕಡಿಮೆ ಮಾಡಿ ಬರೆಯುವುದಿಲ್ಲ. ಮೂರು ಸಾವಿರವನ್ನು ಕಂಡವನು ಎಂಟು ಸಾವಿರವೆಂದೇ ಬರೆಯುತ್ತಾನೆ. ಅದನ್ನು ಬಲ್ಲ ರಾಜ ಆ ಅಂಕಿಯಲ್ಲಿ ಒಂದಷ್ಟನ್ನು ಕಳೆದೇ ಓದುತ್ತಾನೆ. ಇದು ಒಳ್ಳೆಯ ದೃಶ್ಯವಾಗಬಲ್ಲದು: ಪತ್ರ ಓದುವ ಮಂತ್ರಿಗಳು ಆ ಅಂಕಿಯ ಮೇಲೆ ಜಗಳವಾಡುತ್ತಾರೆ, ಕಿಲ್ಲೇದಾರನನ್ನು ಬಾಲ್ಯದಿಂದ ಬಲ್ಲವನೊಬ್ಬ, ಅವನು ಉತ್ಪ್ರೇಕ್ಷೆ ಮಾಡುವ ಮನುಷ್ಯನಲ್ಲ ಎನ್ನುತ್ತಾನೆ.

ಸುಳ್ಳು ಬೆಂಕಿಗಳ ವಿಷಯ. ರಾತ್ರಿಯಲ್ಲಿ ಹೆಚ್ಚು ಬೆಂಕಿ ಹೊತ್ತಿಸಿ ಬಲವನ್ನು ಹೆಚ್ಚಾಗಿ ತೋರಿಸುವುದು ಹಳೆಯ ಉಪಾಯ. ಒಂದೆರಡು ರಾತ್ರಿ ಅದು ನಡೆಯುತ್ತದೆ. ಆದರೆ ಕೋಟೆಯ ಬುರುಜಿನ ಮೇಲಿನ ಕಾವಲುಗಾರನಿಗೆ ನೋಡುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ, ಮತ್ತು ಆತ ಹಗಲಿನಲ್ಲಿ ನೋಡುತ್ತಾನೆ. ಬೆಳಿಗ್ಗೆ ಹಳ್ಳಕ್ಕೆ ನೀರು ಕುಡಿಸಲು ಎಷ್ಟು ಕುದುರೆಗಳನ್ನು ತಂದರು, ಅವು ಸರದಿಯಲ್ಲಿ ಎಷ್ಟು ಹೊತ್ತು ನಿಂತವು, ಮಲಕ್ಕಾಗಿ ತೋಡಿದ ಹಳ್ಳಗಳೆಷ್ಟು, ಸೌದೆಗೆ ಕಾಡಿನ ಅಂಚು ದಿನಕ್ಕೆಷ್ಟು ಹಿಂದೆ ಸರಿಯಿತು, ಇವೆಲ್ಲ ಅವನಿಗೆ ಕಾಣುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಆತ ಕಿವಿಗೊಡುವುದು ಕೊಡಲಿಯ ಸದ್ದಿಗೆ. ನಿಜವಾಗಿ ಮುತ್ತಿಗೆ ಹಾಕಲು ಬಂದವರ ಪಾಳೆಯದಲ್ಲಿ ಎರಡನೆಯ ದಿನದಿಂದಲೇ ಬಡಗಿಗಳು ಮರ ಕೊಯ್ಯುತ್ತಾರೆ, ಗೋಡೆಯ ಎತ್ತರಕ್ಕೆ ಏಣಿ ಕಟ್ಟುತ್ತಾರೆ, ಬೆಂಕಿಯ ಬಾಣಗಳನ್ನು ತಡೆಯಲು ಹಸಿ ಚರ್ಮಗಳನ್ನು ಚೌಕಟ್ಟಿಗೆ ಬಿಗಿಯುತ್ತಾರೆ. ಆ ಸದ್ದಿಲ್ಲದಿದ್ದರೆ ಬೆಂಕಿ ಸಾವಿರವಿದ್ದರೂ ಬಂದವರು ಗೆಲ್ಲಲು ಬಂದಿಲ್ಲವೆಂಬುದು ಕೋಟೆಯೊಳಗಿನ ಹಳೆಯ ಸೈನಿಕನಿಗೆ ತಿಳಿದುಹೋಗುತ್ತದೆ. ಹೀಗಾಗಿ ನಿಮ್ಮ ದಂಡನಾಯಕ ಮಾಂತ್ರಿಕನಿಗಿಂತ ಮೊದಲು ನಲವತ್ತು ಬಡಗಿಗಳನ್ನು ಕರೆದೊಯ್ಯಬೇಕು.

ಬಡಗಿಗಳಿದ್ದರೂ ಭಾರೀ ಯಂತ್ರಗಳನ್ನು ನಿರೀಕ್ಷಿಸಬೇಡಿ. 1304ರಲ್ಲಿ ಸ್ಟರ್ಲಿಂಗ್ ಕೋಟೆಯೆದುರು ಮೊದಲನೆಯ ಎಡ್ವರ್ಡ್ ಕಟ್ಟಿಸಿದ ದೈತ್ಯ ಕಲ್ಲೆಸೆಯುವ ಯಂತ್ರಕ್ಕೆ ಐವರು ಮುಖ್ಯ ಬಡಗಿಗಳೂ ಸುಮಾರು ಐವತ್ತು ಕೆಲಸಗಾರರೂ ದುಡಿದರು, ಕೆಲಸ ತಿಂಗಳುಗಟ್ಟಲೆ ನಡೆಯಿತು. ಮೂರು ಸಾವಿರ ಮಂದಿಯ ದಂಡು ಎರಡು ವಾರದಲ್ಲಿ ಚಿಕ್ಕ ಯಂತ್ರ ಒಂದೆರಡನ್ನು, ಅದೂ ಕಬ್ಬಿಣದ ಭಾಗಗಳನ್ನೂ ಹಗ್ಗಗಳನ್ನೂ ಜೊತೆಗೆ ಹೊತ್ತು ತಂದಿದ್ದರೆ, ನಿಲ್ಲಿಸಬಹುದು.

ಸುತ್ತಲೂ ಬಿಗಿಯಾಗಿ ಮುಚ್ಚುವುದು ಈ ಸಂಖ್ಯೆಗೆ ಸಾಧ್ಯವಿಲ್ಲ. ಬಾಣದ ನೆಗೆತಕ್ಕೆ ಹೊರಗೆ ನಿಂತರೆ ಸಾಧಾರಣ ಬೆಟ್ಟದ ಕೋಟೆಯ ಸುತ್ತಳತೆ ನಾಲ್ಕು ಕಿ.ಮೀ. ಆಗಬಹುದು. ಮೂರು ಪಾಳಿಯಲ್ಲಿ ಕಾವಲಿಟ್ಟರೆ ಒಂದು ಹೊತ್ತಿಗೆ ಸಾವಿರ ಮಂದಿ, ಎಂದರೆ ನಾಲ್ಕು ಮೀಟರಿಗೊಬ್ಬ. ಒಳಗಿನ ಇನ್ನೂರು ಮಂದಿ ದಿಡ್ಡಿಬಾಗಿಲಿನಿಂದ ಒಟ್ಟಾಗಿ ನುಗ್ಗಿದರೆ ಆ ಸಾಲು ಹರಿದುಹೋಗುತ್ತದೆ. ಬಾಗಿಲುಗಳೆದುರು ಕಂದಕ ತೋಡಿ ಬೇಲಿ ಹಾಕಿ, ದಾರಿಗಳಿಗೆ ಠಾಣೆ ಹಾಕಿ, ಉಳಿದ ಕಡೆ ಕುದುರೆ ಸವಾರರನ್ನು ತಿರುಗಿಸುವುದೇ ಅವರಿಂದಾಗುವ ಮುತ್ತಿಗೆ.

ಅದಕ್ಕಿಂತ ಮುಖ್ಯವಾದದ್ದೊಂದಿದೆ. ನಿಮ್ಮ ದಂಡನಾಯಕ ಬಿಗಿಯಾಗಿ ಮುಚ್ಚಲೂ ಬಾರದು, ಹಕ್ಕಿಗಳನ್ನು ಹೊಡೆಯಲೂ ಬಾರದು. ಸುದ್ದಿ ರಾಜನಿಗೆ ಮುಟ್ಟುವುದೇ ಈ ಮುತ್ತಿಗೆಯ ಪ್ರಾಣ. ಅದನ್ನು ತಡೆದರೆ ರಾಣಿಯ ಲೆಕ್ಕಾಚಾರದ ದಿನಗಳು ಸುಮ್ಮನೆ ಸೋರಿಹೋಗುತ್ತವೆ. ತಡೆಯುವ ಪ್ರಯತ್ನವನ್ನು ಮಾಡಿದಂತೆ ತೋರಬೇಕು, ಒಂದು ಹಕ್ಕಿ ತಪ್ಪಿಸಿಕೊಳ್ಳಬೇಕು, ಒಬ್ಬ ಸವಾರನ ಬೆನ್ನಟ್ಟಿ ಕೊನೆಗೆ ಕೈಬಿಡಬೇಕು. ಆ ಸವಾರನನ್ನು ಸುಲಭದ ಗುರಿಯಲ್ಲಿ ಕಂಡ ಬಿಲ್ಲುಗಾರನ ಕೈಯನ್ನು ದಂಡನಾಯಕ ಹಿಡಿದು ತಡೆದರೆ, ಸೈನಿಕರಲ್ಲಿ ಮೊದಲ ಅನುಮಾನ ಹುಟ್ಟುವುದು ಆಗ.

ಎಷ್ಟು ದಿನ ಎಂಬ ಪ್ರಶ್ನೆಗೆ ನಿಮ್ಮ ನಕ್ಷೆಯೇ ಉತ್ತರ ಕೊಡುತ್ತದೆ. ಕುದುರೆ ಬದಲಿಸುತ್ತ ಓಡುವ ಸವಾರ 120 ಕಿ.ಮೀ. ಬೆಟ್ಟದ ದಾರಿಯನ್ನು ಎರಡು ದಿನದಲ್ಲಿ ಕ್ರಮಿಸುತ್ತಾನೆ. ಸಮಾಲೋಚನೆಗೂ ಗಾಡಿಗಳನ್ನು ತುಂಬುವುದಕ್ಕೂ ಮೂರು ದಿನ. ಗಾಡಿಗಳೊಂದಿಗೆ ನಡೆಯುವ ದೊಡ್ಡ ದಂಡು ದಿನಕ್ಕೆ 15ರಿಂದ 20 ಕಿ.ಮೀ. ಸಾಗುತ್ತದೆ, ಎಂದರೆ ಏಳು ದಿನ. ಮುತ್ತಿಗೆ ಹಾಕಿದ 12 ಅಥವಾ 13ನೆಯ ದಿನ ರಾಜ ಬೆಟ್ಟದ ಕೆಳಗೆ ಕಾಣಿಸಿಕೊಳ್ಳುತ್ತಾನೆ. ಹಕ್ಕಿ ಮೊದಲ ದಿನವೇ ಸುದ್ದಿ ಮುಟ್ಟಿಸಿದರೆ ಎರಡು ದಿನ ಮೊದಲೇ ಬರುತ್ತಾನೆ. ರಾಣಿ ಬಂದರಿನ ಎದುರು ಕಾಣಿಸಿಕೊಳ್ಳಬೇಕಾದದ್ದು ಅವನು ಉತ್ತರಕ್ಕೆ ಸಾಧ್ಯವಾದಷ್ಟು ದೂರ ಹೋದಾಗ, ಸುಮಾರು 11ನೆಯ ದಿನ. ಬಂದರಿನ ಸುದ್ದಿ ಅವನಿಗೆ ಮುಟ್ಟಲು ಎರಡು ಮೂರು ದಿನ, ಅಲ್ಲಿಂದ 180 ಕಿ.ಮೀ. ಹಿಂದಿರುಗಲು ಹತ್ತು ಹನ್ನೊಂದು ದಿನ. ಒಟ್ಟು ರಾಣಿಗೆ ಸಿಗುವುದು ಸುಮಾರು 13 ದಿನ. ಕುದುರೆ ಪಡೆ ಮುಂಚಿತವಾಗಿ ಓಡಿಬಂದರೆ ಎಂಟನೆಯ ದಿನದ ಹೊತ್ತಿಗೆ ಅವಳ ಮೇವಿನ ದಾರಿಗಳು ಕತ್ತರಿಸಿಹೋಗುತ್ತವೆ.

ಹದಿಮೂರು ದಿನದಲ್ಲಿ ಗೋಡೆಯುಳ್ಳ ಬಂದರು ನಗರವನ್ನು ಹಿಡಿಯಬಹುದೆ? 1346ರಲ್ಲಿ ಆರಂಭವಾದ ಫ್ರಾನ್ಸಿನ ಕ್ಯಾಲೇ ಬಂದರಿನ ಮುತ್ತಿಗೆ ಹನ್ನೊಂದು ತಿಂಗಳು ನಡೆಯಿತು. 1415ರಲ್ಲಿ ಐದನೆಯ ಹೆನ್ರಿ ಹಾರ್ಫ್ಲರ್ ಬಂದರನ್ನು, ತೋಪುಗಳಿದ್ದೂ, ಐದು ವಾರ ಮುತ್ತಬೇಕಾಯಿತು. ಅಷ್ಟರಲ್ಲಿ ರಕ್ತಭೇದಿ ಅವನ ಸೈನ್ಯವನ್ನು ಹಣ್ಣು ಮಾಡಿತ್ತು. ಹೀಗಾಗಿ ಒಂದು ಮುತ್ತಿಗೆಯ ಮರೆಯಲ್ಲಿ ಇನ್ನೊಂದು ಮುತ್ತಿಗೆಯನ್ನು ಇಡುವುದು ನನಗೆ ಸರಿಕಾಣುವುದಿಲ್ಲ. ಗಮನ ಸೆಳೆದು ಗಳಿಸಿದ ಕಾಲ ಯಾವಾಗಲೂ ಚಿಕ್ಕದು, ಅದರೊಳಗೆ ಮುಗಿಯುವ ಕೆಲಸವನ್ನೇ ರಾಣಿ ಗುರಿಯಾಗಿ ಇಟ್ಟುಕೊಳ್ಳಬೇಕು.

ಇಲ್ಲಿ ಅವಳೆದುರು ಮೂರು ದಾರಿಗಳಿವೆ. ಮೊದಲನೆಯದು, ಬಂದರನ್ನು ಒಳಗಿನವರ ನೆರವಿನಿಂದ ಒಂದೇ ರಾತ್ರಿಯಲ್ಲಿ ಹಿಡಿಯುವುದು. ಮೊದಲ ಕ್ರೂಸೇಡಿನ ಕ್ರೈಸ್ತ ಯೋಧರು ಏಳು ತಿಂಗಳು ಮುತ್ತಿದರೂ ಬಗ್ಗದ ಅಂಟಿಯೋಕ್ ನಗರ 1098ರ ಜೂನ್ 3ರಂದು ಬಿದ್ದದ್ದು ಬುರುಜಿನ ಕಾವಲಿನವನೊಬ್ಬ ಏಣಿ ಹತ್ತಲು ಬಿಟ್ಟದ್ದರಿಂದ. ಆದರೆ ಕೆಲವೇ ದಿನಗಳಲ್ಲಿ ನಗರದ ನೆರವಿಗೆ ಮೊಸುಲಿನ ಅಧಿಪತಿ ಕೆರ್ಬೋಗಾನ ಸೈನ್ಯ ಬಂದು, ಗೆದ್ದವರೇ ಒಳಗೆ ಸಿಕ್ಕಿಹಾಕಿಕೊಂಡು ಹಸಿವಿನಿಂದ ನರಳಿದರು. ಉಗ್ರಾಣ ಬರಿದಾದ ನಗರವನ್ನು ಹಿಡಿದವರಿಗೆ ಈ ಅಪಾಯ ತಪ್ಪಿದ್ದಲ್ಲ. ನಿಮ್ಮ ಬಂದರಿಗೆ ರಾಣಿಯ ಹಡಗುಗಳು ಬರಬಲ್ಲವಾದರೆ ಮಾತ್ರ ಈ ದಾರಿ ಕ್ಷೇಮ. ಎರಡನೆಯದು, ನಗರವನ್ನು ಬಿಟ್ಟು ರಾಜ ಹಿಂದಿರುಗಬೇಕಾದ ದಾರಿಯಲ್ಲಿ ಕಾದು ಅವನ ದಂಡನ್ನೇ ಮುರಿಯುವುದು. ಕ್ರಿಸ್ತಪೂರ್ವ 353ರಲ್ಲಿ ಚೀನಾದ ವೇಯ್ ರಾಜ್ಯದ ಸೈನ್ಯ ಚಾವ್ ರಾಜ್ಯದ ಹಂದಾನ್ ನಗರವನ್ನು ಮುತ್ತಿದ್ದಾಗ, ಛೀ ರಾಜ್ಯದ ಯುದ್ಧತಂತ್ರಜ್ಞ ಸುನ್ ಬಿನ್ ಹಂದಾನಿನ ನೆರವಿಗೆ ಹೋಗದೆ ವೇಯ್ ರಾಜಧಾನಿ ದಾಲಿಯಾಂಗಿನ ಮೇಲೆ ತನ್ನವರು ಏರಿಹೋಗುವಂತೆ ಮಾಡಿದ. ಓಡೋಡಿ ಹಿಂದಿರುಗಿದ ವೇಯ್ ಸೈನ್ಯ ಗುಯಿಲಿಂಗಿನಲ್ಲಿ ಸುನ್ ಬಿನ್ನನ ಕೈಗೆ ಸಿಕ್ಕಿತು. ದಣಿದು ಬರುವ ದಂಡನ್ನು ತಾನು ಆರಿಸಿದ ಜಾಗದಲ್ಲಿ ಎದುರಿಸುವ ಅನುಕೂಲ ದೊಡ್ಡದು. ಆದರೆ ಇದರಲ್ಲಿ ಎಲ್ಲವನ್ನೂ ಒಂದೇ ಮಧ್ಯಾಹ್ನದ ಮೇಲೆ ಪಣವಾಗಿ ಇಟ್ಟಂತಾಗುತ್ತದೆ. ಮೂರನೆಯದು, ಬೆಟ್ಟದ ಕೋಟೆಯನ್ನೇ ನಿಜವಾದ ಗುರಿಯಾಗಿಸಿ ನೆರವಿಗೆ ಬಂದವರೊಡನೆ ಅಲ್ಲಿಯೇ ಯುದ್ಧ ಮಾಡುವುದು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಮುತ್ತಿದ್ದಾಗ ಇಸ್ಮಾಯಿಲ್ ಆದಿಲ್ ಶಾಹ ನೆರವಿಗೆ ಬಂದ. ರಾಯ ಅವನನ್ನು ಬಯಲಿನಲ್ಲಿ ಎದುರಿಸಿ ಸೋಲಿಸಿದ ಮೇಲೆ ಮುತ್ತಿಗೆಗೆ ಮರಳಿ ಕೋಟೆಯನ್ನು ಪಡೆದ. ಅದು ಹುಸಿ ಮುತ್ತಿಗೆಯಲ್ಲ, ಆದರೆ ನೆರವಿನ ದಂಡು ಸೋತರೆ ಕೋಟೆಯೂ ಉಳಿಯದೆಂಬುದನ್ನು ಅದು ತೋರಿಸುತ್ತದೆ. ನಿಮ್ಮ ಕಥೆಗೆ ಎರಡನೆಯ ದಾರಿ ಚೆನ್ನಾಗಿ ಒದಗುತ್ತದೆಂದು ನನ್ನ ಅಭಿಪ್ರಾಯ. ಬಂದರಿಗೆ ಬೆದರಿಕೆ ಹಾಕಿದರೆ ಸಾಕು, ಅದನ್ನು ಹಿಡಿಯಬೇಕಾಗಿಲ್ಲ.

ಯಾವ ದಾರಿ ಹಿಡಿದರೂ ಊಟದ ಲೆಕ್ಕ ತಪ್ಪುವುದಿಲ್ಲ. ದಂಡನಾಯಕನ ಮೂರು ಸಾವಿರ ಮಂದಿಗೆ ತಲೆಗೆ ಒಂದು ಕಿಲೋ ಧಾನ್ಯದಂತೆ ದಿನಕ್ಕೆ ಮೂರು ಟನ್, ಐನೂರು ಕುದುರೆಗಳಿದ್ದರೆ ಅವುಗಳಿಗೆ ಇನ್ನೆರಡೂವರೆ ಟನ್ ಬೇಕು. ಎರಡು ವಾರಕ್ಕೆ 77 ಟನ್. ಅರ್ಧ ಟನ್ ಹೊರುವ ಎತ್ತಿನ ಗಾಡಿಗಳಾದರೆ ಒಂದೂವರೆ ನೂರು ದಾಟುತ್ತವೆ. ಇಷ್ಟನ್ನು ಹೊತ್ತು ತಂದರೆ ಹಿಂದೆ ಸರಿಯುವಾಗ ಅದೇ ಕಾಲಿಗೆ ಸಂಕೋಲೆ. ಸುತ್ತಲಿನ ಹಳ್ಳಿಗಳಿಂದ ಕಿತ್ತು ತಿಂದರೆ ದಿನವೂ ಐದಾರು ನೂರು ಮಂದಿ ಪಾಳೆಯದಿಂದ ಹೊರಗಿರುತ್ತಾರೆ, ಕೋಟೆಯವರು ಹೊರಗೆ ನುಗ್ಗಲು ಅದನ್ನೇ ಕಾಯುತ್ತಾರೆ.

ಸೈನಿಕರಿಗೆ ನಿಜ ಗೊತ್ತಿರಬೇಕೆ? ದಂಡನಾಯಕನಿಗೂ ಅವನ ಇಬ್ಬರು ಮೂವರು ಸರದಾರರಿಗೂ ಬಿಟ್ಟು ಯಾರಿಗೂ ಗೊತ್ತಿರಬಾರದು. ಮೇವಿಗೆ ಹೋದ ಸೈನಿಕ ಸೆರೆಸಿಕ್ಕರೆ ರಾತ್ರಿಯೊಳಗೆ ಬಾಯಿಬಿಡುತ್ತಾನೆ. ಇದರಿಂದ ಹುಟ್ಟುವ ಸಂಕಟವನ್ನು ನಿಮ್ಮ ಕಾದಂಬರಿ ಬಿಡದೆ ಬರೆಯಬೇಕೆಂಬುದು ನನ್ನ ಕೋರಿಕೆ. ಭಯ ಹುಟ್ಟಿಸಬೇಕಾದರೆ ಕನಿಷ್ಠ ಒಂದೆರಡು ಸಲವಾದರೂ ನಿಜವಾಗಿ ಲಗ್ಗೆ ಹಾಕಲೇಬೇಕು, ಏಣಿ ಹತ್ತಿದವರಲ್ಲಿ ಹಲವರು ಸಾಯುತ್ತಾರೆ, ಮತ್ತು ಆ ಗೋಡೆ ತನಗೆ ಬೇಕಾಗಿಲ್ಲವೆಂಬುದು ಅವರನ್ನು ಕಳುಹಿಸಿದವನಿಗೆ ಗೊತ್ತಿರುತ್ತದೆ. ಇದರ ಇನ್ನೊಂದು ಮುಖವೂ ಇದೆ. ನಿಜ ತಿಳಿಯದ ಸೈನಿಕರು ಹುರುಪಿನಿಂದ ನಾಲ್ಕನೆಯ ದಿನವೇ ಕೋಟೆಯನ್ನು ಗೆದ್ದುಬಿಟ್ಟರೆ? ಆಗ ಬಿಡಿಸಬೇಕಾದವರು ಯಾರೂ ಉಳಿಯುವುದಿಲ್ಲ, ರಾಜ ರಾಜಧಾನಿಯಿಂದ ಹೊರಡುವ ಮೊದಲೇ ಕಾರಣ ಇಲ್ಲವಾಗುತ್ತದೆ. ಗೆಲುವು ಕೈಗೆ ಬಂದಾಗ ಕೊಂಬು ಊದಿಸಿ ಜನರನ್ನು ಹಿಂದಕ್ಕೆ ಕರೆಯಬೇಕಾದ ದಂಡನಾಯಕನಿಗೆ ಮರುದಿನ ಅದೇ ಸೈನಿಕರ ಮುಖ ನೋಡುವುದು ಎಷ್ಟು ಕಷ್ಟವೆಂಬುದನ್ನು ಯೋಚಿಸಿ.

ರಕ್ತಪಾತವನ್ನು ತಗ್ಗಿಸುವ ದಾರಿಯೊಂದನ್ನು ಮಧ್ಯಯುಗದ ರೂಢಿಯೇ ಕೊಡುತ್ತದೆ. ಬೆರಿಕಿನಲ್ಲಿ ಆದಂಥ ಒಪ್ಪಂದವನ್ನು ದಂಡನಾಯಕ ಕಿಲ್ಲೇದಾರನ ಮುಂದಿಡಲಿ: ಹದಿನೈದು ದಿನದೊಳಗೆ ರಾಜ ಬಂದು ಬಿಡಿಸದಿದ್ದರೆ ಕೋಟೆ ಒಪ್ಪಿಸಬೇಕು, ಅಲ್ಲಿಯವರೆಗೆ ಎರಡೂ ಕಡೆ ಹೊಡೆದಾಟವಿಲ್ಲ, ನಿಮ್ಮ ದೂತ ನಿರ್ಭಯವಾಗಿ ರಾಜನ ಬಳಿ ಹೋಗಬಹುದು. ಕಿಲ್ಲೇದಾರನಿಗೆ ಇದು ಮರ್ಯಾದೆಯ ದಾರಿ, ರಾಜನಿಗೆ ಎಲ್ಲ ಸಾಮಂತರೂ ಬಲ್ಲ ಗಡುವು, ರಾಣಿಗೆ ದಿನಾಂಕಸಹಿತ ವೇಳಾಪಟ್ಟಿ. ರಾಜ ಬಾರದೆ ಹೋದರೂ ಕೋಟೆ ಸಿಗುತ್ತದೆ. ಅಪಾಯವೆಂದರೆ, ಇಷ್ಟು ಸುಸಂಬದ್ಧವಾದ ಕರೆಯನ್ನು ಕಂಡು ಚುರುಕಾದ ಮಂತ್ರಿಯೊಬ್ಬ ದಕ್ಷಿಣಕ್ಕೆ ಬೇಹುಗಾರರನ್ನು ಅಟ್ಟಬಹುದು.

ಆದ್ದರಿಂದಲೇ ಮಾಂತ್ರಿಕನನ್ನು ಬೆಟ್ಟದಿಂದ ಕರೆಸಿಕೊಂಡು ರಾಣಿಯ ಬಳಿ ಇರಿಸಿ. ಮೂರು ಸಾವಿರವನ್ನು ಹತ್ತು ಸಾವಿರವಾಗಿ ತೋರಿಸುವುದಕ್ಕಿಂತ ಒಂಬತ್ತು ಸಾವಿರವನ್ನು ಕಾಣದಂತೆ ಮಾಡುವುದು ಕಷ್ಟದ ಕೆಲಸ, ಏಕೆಂದರೆ ನಡೆಯುವ ದಂಡಿನ ಧೂಳು ದೂರದಿಂದ ಕಾಣುತ್ತದೆ, ಹಾದಿಯ ಸಂತೆಗಳಲ್ಲಿ ಧಾನ್ಯ ಏಕಾಏಕಿ ಖಾಲಿಯಾಗುತ್ತದೆ. ಮಂಜಿನ ಉಪಯೋಗವಿರುವುದು ಅಲ್ಲಿ. ಇಂಥ ಮಂಜು ನಿಮ್ಮ ಲೋಕದಲ್ಲಿ ಎಲ್ಲರೂ ಬಲ್ಲ ವಿದ್ಯೆಯಾಗಿದ್ದರೆ, ಅಲ್ಲಿನ ದಂಡನಾಯಕರೆಲ್ಲರೂ ಮಂಜು ಕಂಡ ಕೂಡಲೇ ಅದರಾಚೆ ಏನಿದೆಯೆಂದು ನೋಡಲು ಕಲಿತಿರುತ್ತಾರೆಂಬುದು ನೆನಪಿರಲಿ. ಹಾಗಾಗಿ ಋತುಮಾನಕ್ಕೆ ಸಹಜವಾಗಿ, ಬೆಳಗಿನ ಜಾವದಲ್ಲಿ ಮಾತ್ರ, ನದಿಯ ಪಾತ್ರದ ಉದ್ದಕ್ಕೆ ಮಂಜು ಬೀಳಲಿ.

ಕೊನೆಯ ಪ್ರಶ್ನೆ, ಪಾರಾಗುವುದು. ಮುತ್ತಿಗೆಯ ಕೆಲಸಗಳಲ್ಲಿ ಕಷ್ಟದ್ದು ಅದನ್ನು ಎತ್ತಿ ಹೊರಡುವುದು. ನೆರವಿನ ದಂಡು ಐದು ದಿನದ ದೂರದಲ್ಲಿದ್ದಾಗಲೇ ಹೊರಟರೆ ರಾಜ ಅಲ್ಲಿಂದಲೇ ಹಿಂದಿರುಗುತ್ತಾನೆ, ಅಲ್ಲಿಯವರೆಗಿನ ಶ್ರಮ ವ್ಯರ್ಥ. ಅರ್ಧ ದಿನದ ದೂರಕ್ಕೆ ಬಂದಾಗ ಹೊರಟರೆ ಅವನ ಕುದುರೆ ಪಡೆ ಗಾಯಾಳುಗಳ ಗಾಡಿಗಳನ್ನು ಸಂಜೆಯೊಳಗೆ ಹಿಡಿಯುತ್ತದೆ. ಪಾಳೆಯದ ಸುತ್ತ ಒಳಮುಖ ಹೊರಮುಖ ಎರಡೂ ಕಡೆ ಕೋಟೆ ಕಟ್ಟಿ ನಿಲ್ಲುವುದುಂಟು. ಕ್ರಿಸ್ತಪೂರ್ವ 52ರಲ್ಲಿ ಅಲೇಸಿಯಾದಲ್ಲಿ ಸೀಸರ್ ಹಾಗೆ ನಿಂತು ಗೆದ್ದ. ಆದರೆ ಅವನ ಬಳಿ ತಲಾ ಕೆಲವು ಸಾವಿರ ಮಂದಿಯ ಹತ್ತು ಹನ್ನೆರಡು ಲೀಜನ್‌ಗಳಿದ್ದವು, ನಿಮ್ಮ ದಂಡನಾಯಕನ ಬಳಿ ಮೂರು ಸಾವಿರ ಮಂದಿ. ನಾನಾದರೆ ಹೀಗೆ ಮಾಡಿಸುತ್ತೇನೆ: ಹತ್ತನೆಯ ದಿನದಿಂದ ಗಾಯಾಳುಗಳನ್ನೂ ಭಾರದ ಗಾಡಿಗಳನ್ನೂ ರಾತ್ರಿ ಹೊತ್ತು ಸ್ವಲ್ಪ ಸ್ವಲ್ಪವಾಗಿ ಪಶ್ಚಿಮಕ್ಕೆ ಕಳುಹಿಸಬೇಕು. ರಾಜ ಎರಡು ದಿನದ ದೂರದಲ್ಲಿದ್ದಾಗ ಯಂತ್ರಗಳಿಗೆ ಬೆಂಕಿಯಿಟ್ಟು ಕಾಲಾಳುಗಳು ಹೊರಡಬೇಕು. ಆ ಐನೂರು ಸವಾರರು ಮಾತ್ರ ಹಿಂದುಳಿದು, ಸುಳ್ಳು ಬೆಂಕಿಗಳನ್ನು ಈಗ ಹೊತ್ತಿಸಬೇಕು. ಪಾಳೆಯ ಇನ್ನೂ ತುಂಬಿದೆಯೆಂದು ಒಂದು ರಾತ್ರಿ ನಂಬಿಸುವಷ್ಟಕ್ಕೆ ಆ ಉಪಾಯ ಸಾಲುತ್ತದೆ. ಬೆಳಗಾದ ಮೇಲೆ ಅವರು ಕಾಲಾಳುಗಳ ಹಾದಿಯನ್ನು ಬಿಟ್ಟು ಉತ್ತರದ ಕಣಿವೆಯತ್ತ, ಬಂದರಿನಿಂದ ಇನ್ನೂ ದೂರಕ್ಕೆ, ರಾಜನ ಕಣ್ಣಿಗೆ ಬೀಳುವಂತೆ ಸರಿಯಬೇಕು. ಆತ ಬೆನ್ನಟ್ಟಿದರೆ ರಾಣಿಗೆ ಇನ್ನೂ ಎರಡು ದಿನ ಸಿಗುತ್ತವೆ, ಕಾಲಾಳುಗಳು ಗಡಿ ದಾಟುತ್ತಾರೆ. ಆ ಸವಾರರಲ್ಲಿ ಎಷ್ಟು ಮಂದಿ ಹಿಂದಿರುಗುತ್ತಾರೆಂಬುದು ಕಣಿವೆಯ ಆಚೆ ತುದಿಯಲ್ಲಿ ದಾರಿ ತೆರೆದಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ, ಮತ್ತು ಅದನ್ನು ದಂಡನಾಯಕ ಮೊದಲ ದಿನವೇ ಜನ ಕಳುಹಿಸಿ ನೋಡಿಸಿರಬೇಕು.